ಅವ್ವ ಮುರಿದ ಎಲೆ

ಆ ಭಾನುವಾರ ನಾನು ಅಪ್ಪನನ್ನು ಪ್ರೀತಿಯಿಂದ ಕರೆದಿದ್ದರೆ ಅವನು ಎದ್ದು ಬರುತ್ತಿರಲಿಲ್ಲ. "ತಡಿಯವಾ, ಇನ್ನ ನಾಕ ಎಳಿ ಹಾಕಿ ಬರ್ತೇನಿ" ಎಂದು ಮಗ್ಗದ ಕುಣಿಯಲ್ಲೇ, ನೆಲ ತೋಡಿದ ಆ ಗುಂಡಿಯಲ್ಲೇ, ಕೂತಿರುತ್ತಿದ್ದ. ನಾಲ್ಕು ಎಳೆ ಎಂದರೆ ಅಪ್ಪನ ಲೆಕ್ಕದಲ್ಲಿ ನಾಲ್ಕು ಬೆರಳಿನಷ್ಟು ಸೀರೆ. ನಾನು ಸಿಟ್ಟಿನಿಂದ ಕರೆದೆ, ಊರಿಗೇ ಕೇಳುವ ಹಾಗೆ ಕರೆದೆ. ಆದ್ದರಿಂದ ಅವನು ಲಾಳಿ ಬಿಟ್ಟು ಎದ್ದು ಬಂದ. ಬಂದದ್ದರಿಂದ ಉಳಿದ.

ಇದನ್ನು ನಾನು ಈಗಲೂ ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಆಫೀಸಿನಲ್ಲಿ ಕಡತ ತೆರೆದಾಗ, ಹಲ್ಲುಜ್ಜುವಾಗ ಕೂಡ ಮೊದಲಿನಿಂದ ಕೊನೆಯವರೆಗೆ ಒಂದು ಸಲ ಓಡಿಸಿ ನೋಡುತ್ತೇನೆ. ಪ್ರತಿ ಸಲವೂ ಅವನು ಎದ್ದು ಬರುತ್ತಾನೆ. ಆದರೂ ನೋಡುತ್ತೇನೆ.

ನನ್ನ ಸಿಟ್ಟಿಗೆ ಕಾರಣ ಒಂದು ಎಲೆ. ಹುಣಸೆ ಬೀಜಕ್ಕಿಂತ ತುಸು ದೊಡ್ಡದು.

ಗಿಡ ತಂದದ್ದು ಬಾಗಲಕೋಟೆಯ ನವನಗರದಿಂದ. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು, ಸಂಜೆ ಮರಳಿ ಬಸ್ಸು. ಒಂದು ಸಂಜೆ ಬಸ್ಸಿಗೆ ಹೊತ್ತಿತ್ತು. ನರ್ಸರಿಯೊಂದಕ್ಕೆ ಸುಮ್ಮನೆ ಹೊಕ್ಕೆ. ಗುಲಾಬಿ, ದಾಸವಾಳಗಳ ಹಿಂದೆ ಒಂದು ಮೂಲೆಯಲ್ಲಿ ಅಂಗೈಯಗಲದ ಕುಂಡಗಳು. ಅವುಗಳಲ್ಲಿ ಒಂದರೊಳಗೆ ಸಣ್ಣ ತಾವರೆಯ ಹಾಗೆ ಸುತ್ತಿಕೊಂಡು ಕೂತಿತ್ತು ಈ ಸಕ್ಯುಲೆಂಟ್. ದಪ್ಪ ದಪ್ಪ ಎಲೆಗಳು, ಬೂದಿ ಬಳಿದಂಥ ಹಸಿರು, ತುದಿಯಲ್ಲಿ ಮಾತ್ರ ಯಾರೋ ಬೆರಳಿನಿಂದ ಗುಲಾಲು ಮುಟ್ಟಿಸಿದ ಹಾಗೆ ಕೆಂಪು. ಬಾಗಲಕೋಟೆಯ ಕಾಲೇಜಿನಲ್ಲಿ ಮೂರು ವರ್ಷ ಸಸ್ಯಶಾಸ್ತ್ರ ಓದಿದವಳು ನಾನು. ಇಂಥ ಗಿಡಗಳು ಹಗಲು ಬಾಯಿ ಮುಚ್ಚಿಕೊಂಡು ರಾತ್ರಿ ಏಕೆ ಉಸಿರಾಡುತ್ತವೆ ಎಂಬ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆದರೆ ಆವರೆಗೆ ಒಂದು ಗಿಡವನ್ನೂ ಸ್ವಂತವಾಗಿ ಸಾಕಿರಲಿಲ್ಲ.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹುನಗುಂದದಲ್ಲಿ ಒಬ್ಬ ಅಜ್ಜ ಹತ್ತಿ ಪಕ್ಕದಲ್ಲಿ ಕೂತ. ಹೆಗಲ ಮೇಲೆ ಕರಿ ಕಂಬಳಿ, ಹಣೆಗೆ ಬೀರಪ್ಪನ ಭಂಡಾರ. ಗುಡೂರಿನ ಕಡೆಯವನಂತೆ, ಮಗಳ ಮನೆಗೆಂದು ಇಳಕಲ್ಲಿಗೆ ಹೊರಟಿದ್ದ. ಸ್ವಲ್ಪ ಹೊತ್ತು ನನ್ನ ತೊಡೆಯನ್ನೇ ನೋಡಿದ.

"ಏನದ ತಂಗಿ, ಪ್ಲಾಸ್ಟಿಕ್ ಹೂವೇನ?"

"ಅಲ್ಲಜ್ಜಾ, ಗಿಡ. ಖರೇ ಗಿಡ."

"ಮುಟ್ಟಲೇನ?"

ಮುಟ್ಟಿದ. ಬೆರಳಿಗೆ ಬಿಳಿ ಪುಡಿ ಹತ್ತಿತು. ಬೆರಳನ್ನು ಕಣ್ಣ ಹತ್ತಿರ ತಂದು ನೋಡಿ ನಕ್ಕ. "ಮೈತುಂಬ ವಿಭೂತಿ ಬಡ್ಕೊಂಡ ಕುಂತೈತಲ್ಲ. ಅಯ್ಯಗೋಳ ಪೈಕಿ ಇರಬೇಕು."

ನಾನೂ ನಕ್ಕೆ. "ಇದಕ್ಕ ನೀರ ಎಷ್ಟ ಹಾಕಬೇಕು ಗೊತ್ತೇನಜ್ಜಾ?"

"ನನಗೇನ ಗೊತ್ತ. ಬದಾಮಿ ಗುಡ್ಡದಾಗ ಕಲ್ಲಿನ ಸಂದ್ಯಾಗ ಇಂಥಾ ದಪ್ಪೆಲಿ ಗಿಡಾ ಕುಂತಿರ್ತಾವು. ನಮ್ಮ ಕುರಿ ಮೂಸಿ ನೋಡಿ ಮುಂದ ಹೊಕ್ಕಾವು. ಅವಕ್ಕ ಯಾರ ಕೊಡಾ ಹೊತ್ತಾರ? ಮಳಿ ಬಂದ್ರ ಕುಡೀತಾವು. ಇಲ್ಲಂದ್ರ ಸುಮ್ಮ ಇರ್ತಾವು. ನೀನೂ ಸುಮ್ಮ ಇರು."

ಎರಡು ಪುಟದ ನನ್ನ ಉತ್ತರದಲ್ಲಿ ಈ ಕೊನೆಯ ಮಾತು ಇರಲಿಲ್ಲ.

ಮನೆಯಲ್ಲಿ ಅವ್ವ ಕಂಡಿಕಿ ಸುತ್ತುತ್ತ ಕೂತಿದ್ದಳು. ಕಂಡಿಕಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಾನೆ, ಅವ್ವ ಕಂಡಿಕಿ ಸುತ್ತುತ್ತಾಳೆ. ನನ್ನ ಕೈಯಲ್ಲಿದ್ದುದನ್ನು ನೋಡಿ ರಾಟೆ ನಿಲ್ಲಿಸಿದಳು.

"ಮನ್ಯಾಗ ಕಳ್ಳಿ ತಂದಿಯೇನ?"

"ಕಳ್ಳಿ ಅಲ್ಲವ್ವಾ. ಮುಳ್ಳ ಎಲ್ಲೈತಿ ತೋರ್ಸು."

"ಒಳಗಿರ್ತಾವು. ನಿನಗೆಲ್ಲಿ ಮ್ಯಾಲ ಕಾಣ್ತಾವು?"

ಕಳ್ಳಿಯನ್ನು ಹೊಲದ ಬೇಲಿಗೆ ಹಚ್ಚುತ್ತಾರೆ, ಮನೆಯೊಳಗೆ ಇಡುವುದಿಲ್ಲ ಎಂಬುದು ಅವ್ವನ ವಾದ. ಕೊನೆಗೆ ಹಿತ್ತಲಿನ ಅಂಗಳದ ಕಟ್ಟೆಯ ಮೇಲೆ, ಮಗ್ಗದ ಕೋಣೆಯ ಬಾಗಿಲಿನ ಎದುರಿಗೆ ಜಾಗ ಸಿಕ್ಕಿತು. ಅಪ್ಪ ಮಾತ್ರ ಕುಂಡವನ್ನು ಬೆಳಕಿಗೆ ಹಿಡಿದು, ಮೇಲಿನಿಂದ, ಪಕ್ಕದಿಂದ, ಸೀರೆಯ ಅಂಚು ನೋಡುವ ಹಾಗೆ ನೋಡಿದ. "ಎಲಿ ಮ್ಯಾಲ ಎಲಿ ಹೆಂಗ ಕೂಡಸ್ಯಾನ ನೋಡು. ಎಲ್ಲೂ ಸಂದಿಲ್ಲ. ಇದನ್ನ ನೇಯ್ದಾಂವ ಭಾಳ ಹುಷಾರದಾನ."

ನಮ್ಮೂರಿನ ಕಲ್ಲು ಪಾಲಿಶ್ ಮಾಡುವ ಕಡೆಯಿಂದ ಕೆಂಪು ಕಲ್ಲಿನ ಚೂರು ಆರಿಸಿ ತಂದೆ. ಸಣ್ಣ ಕಲ್ಲಿನ ಗರಸು ಜರಡಿ ಹಿಡಿದೆ. ಕರಿಯ ಎರಿ ಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ, ಅದು ಬೇಡ ಎಂದು ಅರಿತು ಕೆಂಪು ಮಸಾರಿ ಮಣ್ಣಿಗೆ ಉಸುಕು ಬೆರೆಸಿದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಬುಡಕ್ಕೆ ಮಾತ್ರ ಒಂದು ಲೋಟ ನೀರು. ಉಳಿದ ದಿನ ಸುಮ್ಮನೆ ನೋಡುವುದು. ನೋಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ್ದರಿಂದ ಎಲೆ ಎಣಿಸುವ ರೂಢಿ ಬಿತ್ತು. ಮೂವತ್ತೊಂದಿದ್ದದ್ದು ಮೂವತ್ತನಾಲ್ಕಾಯಿತು.

ಆಮೇಲೆ ಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ಒಂದು ದಿನ ಬಂದು ಹೋಗುತ್ತದೆ. ಇದು ನಾಲ್ಕು ದಿನ ಬಿಡದೆ ಹಿಡಿಯಿತು. ಐದನೆಯ ದಿನ ಭಾನುವಾರ. ಚೊಕ್ಕ ಬಿಸಿಲು. ಅವ್ವ ನಳದ ನೀರಿಗೆ ಹೋಗಿದ್ದಳು. ಹಿಂದಿನ ಕೋಣೆಯಲ್ಲಿ ಅಪ್ಪನ ಮಗ್ಗ ಬಡಿಯುತ್ತಿತ್ತು. ಹುನಗುಂದದ ಒಬ್ಬರು ಬಸುರಿ ಮಗಳ ಕುಬಸಕ್ಕೆಂದು ಹೇಳಿದ ಸೀರೆ. ಸೀರೆ ಉಡಿಸಿ ಉಡಿ ತುಂಬುವ ದಿನಕ್ಕೆ ಮೊದಲು ಮುಟ್ಟಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ನಾನು ಗಿಡವನ್ನು ಬಿಸಿಲಿಗೆ ಸರಿಸಲು ಹೋದೆ. ಕಟ್ಟೆಯ ಬುಡದಲ್ಲಿ ಒಂದು ಎಲೆ ಬಿದ್ದಿತ್ತು. ಎಣಿಸಿದೆ. ಮೂವತ್ತಮೂರು.

ಅಪ್ಪನಿಗೆ ಮುಖ ತೊಳೆಯುವಾಗ ಅಂಗಿ, ಟವೆಲು ಎಲ್ಲವನ್ನೂ ಆ ಕಟ್ಟೆಯ ಮೇಲೆ ಒಗೆಯುವ ಚಟ. ಎಷ್ಟು ಸಲ ಹೇಳಿದ್ದೆ.

"ಅಪ್ಪಾ. ಇಲ್ಲಿ ಬಾ. ಈಗಿಂದೀಗ ಬಾ."

ಮಗ್ಗದ ಸದ್ದು ನಿಂತಿತು. ಕುಣಿಮಗ್ಗದಿಂದ ಏಳುವುದೆಂದರೆ ಕುರ್ಚಿಯಿಂದ ಎದ್ದಂತಲ್ಲ. ಲಾಳಿ ಬದಿಗಿಡಬೇಕು, ಕಾಲುಗಳನ್ನು ಕೆಳಗೆ ತುಳಿಯುವ ಪಾವಟಿಗೆಯಿಂದ ಬಿಡಿಸಬೇಕು, ಎರಡೂ ಕೈ ನೆಲಕ್ಕೂರಿ ಮೈಯನ್ನು ಮೇಲಕ್ಕೆತ್ತಬೇಕು. ಅಪ್ಪನ ಮೊಣಕಾಲುಗಳು ಈ ಕೆಲಸಕ್ಕೆ ಒಂದೊಂದು ಸಲ ಒಪ್ಪುವುದಿಲ್ಲ. ಆ ದಿನ ಒಪ್ಪಿದವು. ಕುಣಿಯಿಂದ ಬಾಗಿಲಿಗೆ ಆರು ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ. ಧೋತರಕ್ಕೆ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದ.

"ಏನಾತ?"

"ಇದನ್ನ ಯಾರ ಮುರದಾರ?"

ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುವಿ ನೋಡಿದ. "ನಾ ಅಲ್ಲ."

"ಮತ್ತ ತಾನ ಇಳದ ಬಂತೇನ?"

"ನಾ ಖರೇನ—"

ಗೋಡೆ ಬಿದ್ದದ್ದು ಆಗ. ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಚೀಲವನ್ನು ಬೆನ್ನಿನಿಂದ ಇಳಿಸಿದವರು ಬಿಡುವ ಉಸಿರಿನಂಥ ಒಂದು ಸದ್ದು. ಅಪ್ಪನ ಬೆನ್ನ ಹಿಂದಿನ ಬಾಗಿಲಿನಿಂದ ಕೆಂಪು ಧೂಳು ಹೊರಗೆ ಬಂತು. ಧೂಳಿನ ಹಿಂದೆ ಬೆಳಕು ಬಂತು, ಆ ಕೋಣೆಯಲ್ಲಿ ನಾನು ಎಂದೂ ಕಂಡಿರದಷ್ಟು ಬೆಳಕು. ಅಪ್ಪನ ಅಪ್ಪ ಕಟ್ಟಿಸಿದ, ನಾಲ್ಕು ದಿನದ ಮಳೆ ಕುಡಿದ ಮಣ್ಣಿನ ಗೋಡೆ ಅಡ್ಡಡ್ಡ ಮಲಗಿ ಕುಣಿಯನ್ನು ತುಂಬಿಬಿಟ್ಟಿತ್ತು. ಮಗ್ಗದ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಒಂದಾದ ಮೇಲೊಂದು ಹರಿಯುವ ಟಿಣ್ ಟಿಣ್ ಶಬ್ದ ಗೋಡೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಕೇಳಿತು. ನನಗೆ ಈಗಲೂ ಕೇಳುವುದು ಆ ಶಬ್ದವೇ.

ಅಪ್ಪ ತಿರುಗಿ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. ಎಲೆ ಮುಷ್ಟಿಯಲ್ಲೇ ಇತ್ತು. ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದ. "ಖರೇನ ನಾ ಮುರದಿಲ್ಲವಾ."

ನೀರು ತಂದ ಅವ್ವ ಕೊಡ ಇಳಿಸಿ, ಮೊದಲು ಅಪ್ಪನ ಬೆನ್ನು, ತೋಳು, ತಲೆ ಎಲ್ಲವನ್ನೂ ಬಡಿದು ಬಡಿದು ನೋಡಿದಳು. ಮೈ ಪೂರ್ತಿ ಇದೆ ಎಂದು ಖಾತ್ರಿಯಾದ ಮೇಲೆ ನನ್ನನ್ನೂ ಬಡಿದಳು. ಓಣಿಯವರೆಲ್ಲ ಬಂದರು. ಅಪ್ಪ ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದ. ಪ್ರತಿ ಸಲವೂ ಕೊನೆಗೆ, ಎಲೆ ಮುರಿದವನು ತಾನಲ್ಲ ಎಂಬುದನ್ನು ಸೇರಿಸಿದ. ಆ ಗದ್ದಲದಲ್ಲಿ ಎಲೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಎರಡು ದಿನದ ಮೇಲೆ ಊಟಕ್ಕೆ ಕೂತಾಗ ಅವ್ವ ರೊಟ್ಟಿ ತಟ್ಟುತ್ತ, ನಮ್ಮ ಕಡೆ ನೋಡದೆ ಹೇಳಿದಳು. "ಎಲಿ ಮುರದಾಕಿ ನಾನ. ಕಂಡಿಕಿ ಬುಟ್ಟಿ ಒಯ್ಯಾಗ ಸೆರಗ ತಾಗ್ತು."

ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು.

"ಮತ್ತ ಆವತ್ತ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀ ನನ್ನ ಕರೀತಿದ್ದಿ. ಅವರು ಒಳಗ ಇರ್ತಿದ್ರು." ರೊಟ್ಟಿ ಹೆಂಚಿಗೆ ಹಾಕಿದಳು. "ನಾ ಮುರದು ಸುಮ್ಮ ಇದ್ದಿದ್ದಕ್ಕ ನಿಮ್ಮಪ್ಪ ಉಳದ."

"ಹಂಗಾರ ಇನ್ನ ನಾಕೈದು ಮುರದ ಇಡು," ಅಪ್ಪ ಹೇಳಿದ. "ಮನಿಗೆ ಇನ್ನೂ ಮೂರ ಗ್ವಾಡಿ ಅದಾವು."

ಅವನ ಜೊತೆ ನಾವೂ ನಕ್ಕೆವು.

ಗಿಡದ ಬಡ್ತಿ ಶುರುವಾದದ್ದು ಅಲ್ಲಿಂದ. ಕಳ್ಳಿಯಾಗಿ ಬಂದದ್ದು ದೇವರಾಯಿತು. ಅಂಗಳದಿಂದ ಪಡಸಾಲೆಗೆ ಬಂತು. ಹೊಸ ಮಗ್ಗದ ಕುಣಿಯನ್ನು ಅಲ್ಲಿಯೇ ತೋಡಿಸಿದ್ದರು. ಅಲ್ಲಿ ಇಟ್ಟಿಗೆ ಗೋಡೆ. ಬಡಿಗ ಬಂದು ಮುರಿದ ಚೌಕಟ್ಟನ್ನು ಜೋಡಿಸಿಕೊಟ್ಟ. ಮಣ್ಣಿನಡಿಯಿಂದ ತೆಗೆದ ಅರ್ಧ ಸೀರೆಯನ್ನು ಅಪ್ಪ ತಾನೇ ತೊಳೆದು ನೆರಳಿನಲ್ಲಿ ಆರಿಸಿದ. ಆಮೇಲೆ ಅವ್ವನೂ ಅವನೂ ಎದುರುಬದುರು ಕೂತು, ಹರಿದ ಎಳೆಗಳನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಒಂದೊಂದಾಗಿ ಕೂಡಿಸಿದರು. ವಾರಗಟ್ಟಲೆ ಹಿಡಿಯಿತು. ಹೊಸ ಹಾಸು ಹೂಡಿದ್ದರೆ ಬೇಗ ಆಗುತ್ತಿತ್ತು. ಆದರೆ ಮಣ್ಣಿನಿಂದ ಮೇಲೆದ್ದ ಸೀರೆಯನ್ನು ಮುಗಿಸಿಯೇ ಬಿಡಬೇಕೆಂದು ಅಪ್ಪ ಹಟ ಹಿಡಿದಿದ್ದ. "ಇದ ಅರ್ಧಕ್ಕ ನಿಂತ್ರ ನಾ ಮತ್ತ ಕುಣಿಗಿ ಇಳ್ಯಾಂವಲ್ಲ" ಎಂದು ಬಡಿಗನ ಮುಂದೆ ಹೇಳಿದ್ದನ್ನು ಕೇಳಿದ್ದೇನೆ. ನಗುತ್ತ ಹೇಳಿರಲಿಲ್ಲ.

ಅವ್ವ ಗಿಡವನ್ನು ಮಗ್ಗದ ಪಕ್ಕದಲ್ಲೇ, ಅಪ್ಪನಿಗೆ ಕಾವಲಿರಲಿ ಎಂದು ಇಟ್ಟಳು. ಬೆಳಿಗ್ಗೆ ಮಿಂದು ಬಂದು ಕುಂಕುಮ ಹಚ್ಚುವಳು. ಒಂದು ತಂಬಿಗೆ ನೀರು ನೆತ್ತಿಯ ಮೇಲಿಂದ ಸುರಿಯುವಳು. ಅಜ್ಜ ಬಸ್ಸಿನಲ್ಲಿ ನೋಡಿ ನಕ್ಕಿದ್ದ ಆ ಬಿಳಿ ಪುಡಿ ನಾಲ್ಕು ದಿನದಲ್ಲಿ ತೊಳೆದು ಹೋಯಿತು. ಇದು ಸಾಲದೆಂಬಂತೆ ಇನ್ನೊಂದು ನೀರು. ಹತ್ತಿ ನೂಲಿಗೆ ತಂಪು ಬೇಕು. ಒಣ ಗಾಳಿಗೆ ಎಳೆ ಪಟ್ಟನೆ ಹರಿಯುತ್ತದೆ. ಆದ್ದರಿಂದ ನೇಕಾರರ ಮನೆಯಲ್ಲಿ ಮಧ್ಯಾಹ್ನಕ್ಕೆ ಒಂದೆರಡು ಸಲ ಮಗ್ಗದ ಸುತ್ತ ನೀರು ಚಿಮುಕಿಸುತ್ತಾರೆ. ಅವ್ವ ಎಷ್ಟೋ ವರ್ಷಗಳಿಂದ ಮಾಡುತ್ತ ಬಂದ ಕೆಲಸ. ಈಗ ಅದೇ ಕೈ, ಹೋಗುತ್ತ ಬರುತ್ತ, ಗಿಡದ ಮೇಲೂ ಚಿಮುಕಿಸುತ್ತಿತ್ತು. ನೂಲಿಗೆ ಹಿತವಾದದ್ದು ಎಲೆಗೂ ಹಿತವೆಂದು ಅವಳ ಎಣಿಕೆ.

ನನಗೆ ಗೊತ್ತಿತ್ತು. ಒಂದು ಸಲ ಹೇಳಿಯೂ ನೋಡಿದೆ. "ಅವ್ವಾ, ಇದಕ್ಕ ಇಷ್ಟ ನೀರ ಆಗಬರಾಂಗಿಲ್ಲ."

"ನಿನ್ನ ಅಪ್ಪನ ಜೀವಾ ಉಳಿಸಿದ್ದಕ್ಕ ಒಂದ ತಂಬಗಿ ನೀರ ಹೆಚ್ಚಾತೇನ?"

ನನ್ನೊಳಗೂ ಅರ್ಧ ಮನಸ್ಸು ಅವಳ ಕಡೆಗೇ ಇತ್ತು. ಸುರಿಯುವುದನ್ನು ನಿಲ್ಲಿಸಿದ ದಿನವೇ ಏನಾದರೂ ಆದರೆ?

ನನ್ನದೂ ಒಂದು ಪೂಜೆ ನಡೆದಿತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಪಡಸಾಲೆಯ ನಾಲ್ಕೂ ಗೋಡೆಗಳನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದು. "ಗ್ವಾಡಿಗೆ ಜ್ವರ ಬಂದಾವೇನ, ದಿನಾ ಮುಟ್ಟಿ ನೋಡ್ತಿ?" ಎಂದು ಅಪ್ಪ ಕೇಳುತ್ತಿದ್ದ. ಹೊಸ ಕುಣಿಯ ಹತ್ತಿರ ಮಾತ್ರ ನಾನು ಹೋಗುತ್ತಿರಲಿಲ್ಲ. ಚಹಾ ಕೊಡುವುದಿದ್ದರೆ ಹೊಸ್ತಿಲ ಬಳಿ ಇಟ್ಟು "ಚಾ" ಎನ್ನುತ್ತಿದ್ದೆ. ಅವನೇ ಎದ್ದು ಬರಬೇಕು.

ಆಫೀಸಿನಿಂದ ಫೋನು. ಹತ್ತು ಗಂಟೆಗೆ, ಹನ್ನೆರಡೂವರೆಗೆ, ಮೂರಕ್ಕೆ. ಅಪ್ಪನ ಫೋನು ಮುಂಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿರುತ್ತದೆ, ಎಲೆ ಅಡಿಕೆ ಡಬ್ಬಿಯ ಜೊತೆ.

"ಅಪ್ಪಾ, ಏನ ಮಾಡಾಕತ್ತಿ?"

"ನಿನ್ನ ಫೋನ್ ಎತ್ತಾಕತ್ತೇನಿ."

"ಉಂಡಿ?"

"ಹತ್ತ ಗಂಟೆಕ್ಕ ಯಾರ ಉಣ್ತಾರ?"

ಕೇಳಲು ಏನೂ ಇರುತ್ತಿರಲಿಲ್ಲ. ಅವನು ಫೋನು ಎತ್ತಿದನೆಂದರೆ ಕುಣಿಯಿಂದ ಹೊರಗಿದ್ದಾನೆ ಎಂದು ಅರ್ಥ. ನನಗೆ ಬೇಕಾದದ್ದು ಅಷ್ಟೇ. ಒಂದು ದಿನ ಮೂರಕ್ಕೆ ಎತ್ತಲಿಲ್ಲ. ನಾನು ಮತ್ತೆ ಮತ್ತೆ ಹಚ್ಚಿದೆ. ಏಳನೆಯ ಸಲಕ್ಕೆ ಎತ್ತಿ ಹೇಳಿದ: "ಎಳಿ ಕೂಡಸಾಕತ್ತಿದ್ದೆ. ನೀ ಕರದಿ, ಎದ್ದೆ, ಹರೀತು. ಮತ್ತ ಕೂಡಿಸಿದೆ, ಮತ್ತ ಕರದಿ." ಸಿಟ್ಟಿರಲಿಲ್ಲ, ದಣಿವಿತ್ತು. ಕುಬಸಕ್ಕೆ ಹದಿನೆಂಟು ದಿನ ಉಳಿದಿದ್ದವು. ಸೀರೆ ದಿನಕ್ಕೆ ಗೇಣು ಕೂಡ ಮುಂದೆ ಹೋಗುತ್ತಿರಲಿಲ್ಲ.

ಆ ವಾರವೇ ಗಿಡದ ಕೆಳಗಿನ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾದವು. ಮುಟ್ಟಿದರೆ ಕಳಿತ ಬಾಳೆಹಣ್ಣಿನ ಹಾಗೆ ಕೈಗೆ ಬರುತ್ತಿದ್ದವು. ಕುಂಡದಿಂದ ಕಿತ್ತು ನೋಡಿದೆ. ಬೇರು ಕಪ್ಪಗೆ, ಕಾಂಡ ಮೆತ್ತಗೆ. ತುದಿಯನ್ನಾದರೂ ಕತ್ತರಿಸಿ ಉಳಿಸೋಣವೆಂದು ಬ್ಲೇಡಿನಿಂದ ಮೇಲಕ್ಕೆ ಮೇಲಕ್ಕೆ ಕೊಯ್ದೆ. ಒಳಗೆಲ್ಲ ಕಂದು ಬಣ್ಣ ಹತ್ತಿತ್ತು. ನೆತ್ತಿಯವರೆಗೂ ಹೋಗಿತ್ತು.

ಅವ್ವ ತಂಬಿಗೆ ಹಿಡಿದುಕೊಂಡೇ ನಿಂತು ನೋಡಿದಳು. ಅಳಲಿಲ್ಲ. ಅಪ್ಪನ ಕಡೆ ತಿರುಗಿ ಹೇಳಿದಳು: "ಇವತ್ತಿನಿಂದ ನೀವು ಕುಣಿಗಿ ಇಳೀಬ್ಯಾಡ್ರಿ."

"ಯಾಕ?"

"ಕಾಯೋದು ಹೋತು. ಇನ್ನ ಯಾರ ಕಾಯಬೇಕ?"

"ಸೀರಿ?"

"ಸೀರಿ ಸುಡ್ಲಿ. ಆ ಹುನಗುಂದದವರಿಗೆ ನಾ ಹೇಳ್ತೇನಿ."

ಅಪ್ಪ ನನ್ನ ಮುಖ ನೋಡಿದ. ಓದಿದವಳು ಏನಾದರೂ ಹೇಳುತ್ತಾಳೆಂದು ಇರಬೇಕು. ನಾನು ಬ್ಲೇಡನ್ನು ಒರೆಸುತ್ತ ನಿಂತೆ. ಅವ್ವನದು ಮೂಢನಂಬಿಕೆ ಎನ್ನಬಹುದಿತ್ತು. ಆದರೆ ಅವಳು ಮಾತಿನಲ್ಲಿ ಹೇಳಿದ್ದನ್ನೇ ನಾನು ದಿನಕ್ಕೆ ಮೂರು ಸಲ ಫೋನಿನಲ್ಲಿ ಹೇಳುತ್ತಿದ್ದೆನಲ್ಲ.

ಅಪ್ಪ ಎದ್ದ. ಗೋಡೆಯ ಗೂಡಿನ ಹತ್ತಿರ ಹೋಗಿ ಫೋನು ಸರಿಸಿದ, ಅಡಿಕೆ ಡಬ್ಬಿ ಸರಿಸಿದ. ಡಬ್ಬಿಯ ಹಿಂದಿನಿಂದ ಏನನ್ನೋ ಎರಡು ಬೆರಳಿನಲ್ಲಿ ಹಿಡಿದು ತಂದು ನನ್ನ ಅಂಗೈಯ ಮೇಲಿಟ್ಟ.

ಆ ಭಾನುವಾರದ ಎಲೆ. ಸುಕ್ಕುಗಟ್ಟಿತ್ತು, ಅಪ್ಪನ ಮೊಣಕಾಲಿನ ಚರ್ಮದ ಹಾಗೆ. ಆದರೆ ಮುರಿದ ತುದಿಯಿಂದ ಗುಲಾಬಿ ಬಣ್ಣದ ನಾಲ್ಕು ಬೇರುಗಳು ಇಳಿದಿದ್ದವು, ನೂಲಿಗಿಂತ ಸಣ್ಣ. ಬೇರುಗಳ ನಡುವೆ ಜೋಳದ ಕಾಳಿನಷ್ಟು ಒಂದು ಹಸಿರು ಗುಂಡು. ಕಣ್ಣ ಹತ್ತಿರ ತಂದು ನೋಡಿದೆ. ಎಲೆ ಮೇಲೆ ಎಲೆ, ಎಲ್ಲೂ ಸಂದಿಲ್ಲದೆ, ಒಂದು ಪೂರ್ತಿ ಗಿಡ.

"ಇದಕ್ಕ ಯಾರ ನೀರ ಹಾಕಿದ್ರು?" ಅವ್ವ ಕೇಳಿದಳು.

"ಯಾರೂ ಇಲ್ಲ. ನಿನ್ನ ಕಣ್ಣಿಗೆ ಬಿದ್ರ ಮುಣಗಿಸಿ ಬಿಡ್ತಿ ಅಂತ ಡಬ್ಬಿ ಹಿಂದ ಇಟ್ಟಿದ್ದೆ."

"ನನಗರ ಹೇಳಬಾರದಿತ್ತೇನ?" ಎಂದೆ.

"ನೀ ಉಂಡಿಯೇನ ಅಂತ ಕೇಳ್ತಿದ್ದಿ. ಎಲಿ ಹೆಂಗೈತಿ ಅಂತ ಕೇಳಲಿಲ್ಲ." ಅಪ್ಪ ನಕ್ಕ. "ನೀ ದಿನಾ ಮೂರ ಸಲ ಫೋನ್ ಹಚ್ಚತಿದ್ದಿ. ನಾ ದಿನಾ ಮೂರ ಸಲ ಎದ್ದ ಬಂದು ಇದನ್ನ ನೋಡತಿದ್ದೆ. ಮೊದಲ ಬೇರ ಬಂದಾಗ ಎಳಿ ಹತ್ತೇತಿ ಅಂದ್ಕೊಂಡೆ. ತಗ್ಯಾಕ ಹೋದೆ. ಬರಲಿಲ್ಲ."

ಅವ್ವ ತಂಬಿಗೆ ಕೆಳಗಿಟ್ಟು ಕೂತಳು. ನನ್ನ ಅಂಗೈಯನ್ನು ಹತ್ತಿರ ಎಳೆದುಕೊಂಡು ಎಲೆಯನ್ನು ನೋಡಿದಳು. "ಒಣಗಿದ್ದರಾಗ ಹುಟ್ಟೈತಲ್ಲ," ಎಂದಳು. ಅಪ್ಪನಿಗೆ ಅಷ್ಟು ಸಾಕಾಯಿತು. ಆಗಲೇ ಧೋತರ ಮೇಲೆತ್ತಿ ಕಟ್ಟಿ ಕುಣಿಯ ಅಂಚಿಗೆ ಹೋಗಿದ್ದ. ಕಾಲು ಇಳಿಬಿಟ್ಟು ಕೂತು ನನ್ನನ್ನು ಕರೆದ. ನಾನು ಹೊಸ್ತಿಲಲ್ಲೇ ನಿಂತೆ.

"ಒಂದ ಮಾತ ಕೇಳವಾ. ಇದನ್ನ ನೀ ಆಫೀಸಿಗಿ ಒಯ್ಯಿ. ಫೋನ್ ಹಚ್ಚಬೇಕನ್ನಿಸಿದಾಗೆಲ್ಲ ಇದನ್ನ ನೋಡು. ಸೀರಿ ಮುಗಿಯೋತನ ನನ್ನ ಕರೀಬ್ಯಾಡ."

"ಏನರ ಆದ್ರ?"

"ಆದ್ರ ನಿಮ್ಮವ್ವ ಇದಾಳ. ಒದರಿದ್ರ ನವನಗರಕ್ಕ ಕೇಳ್ತೈತಿ."

ಚಹಾದ ಕಪ್ಪಿನ ಕೆಳಗಿಡುವ ಒಡಕು ಬಸಿಯಲ್ಲಿ ಗರಸು ಹಾಕಿ, ಎಲೆಯನ್ನು ಅದರ ಮೇಲೆ ಮಲಗಿಸಿ, ಮರುದಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಆಫೀಸಿನ ಕಿಟಕಿಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟೆ. ಹತ್ತು ಗಂಟೆಗೆ ಎದ್ದು ನೋಡಿದೆ. ಹತ್ತು ಹತ್ತಕ್ಕೆ ನೋಡಿದೆ. ಮಧ್ಯಾಹ್ನ ನಾನು ಊಟದ ಡಬ್ಬಿ ತೊಳೆಯಲು ಹೋಗಿದ್ದಾಗ ಸಿಪಾಯಿ ಬಸಿ ಕೈಯಲ್ಲಿ ಹಿಡಿದು ನಿಂತಿದ್ದ.

"ಮೇಡಮ್ಮರ, ಈ ಕಸಾ ಒಗೀಲೇನ್ರಿ?"

"ಅದ ಕಸಾ ಅಲ್ರಿ. ಇಡ್ರಿ ಅಲ್ಲೆ."

"ಮತ್ತೇನ್ರಿ ಇದು?"

ಹೇಳಲು ಹೋದರೆ ಗೋಡೆಯಿಂದ ಶುರು ಮಾಡಬೇಕಿತ್ತು. "ಗಿಡ," ಎಂದೆ. ಅವನು ಬಸಿಯನ್ನೂ ನನ್ನನ್ನೂ ನೋಡಿ, ಎರಡೂ ಕೈಯಲ್ಲಿ ಜೋಪಾನವಾಗಿ ಮರಳಿ ಇಟ್ಟು ಹೋದ. ಮರುದಿನದಿಂದ ಅವನೂ ದಿನಾ ಬಂದು "ಎಷ್ಟ ಆತ್ರಿ?" ಎಂದು ವಿಚಾರಿಸತೊಡಗಿದ.

ಮೂರನೆಯ ದಿನ ತಡೆಯಲಾಗಲಿಲ್ಲ. ಹೊರಗೆ ಲಾರಿಯಿಂದ ಇಟ್ಟಿಗೆ ಇಳಿಸಿದ ಸದ್ದು ಕೇಳಿತು. ಬೆರಳು ತಾನಾಗಿ ಅಪ್ಪನ ಹೆಸರು ಒತ್ತಿತ್ತು. ಒಂದು ರಿಂಗು ಪೂರ್ತಿಯಾಗುವ ಮೊದಲೇ ಕಡಿದೆ. ಕಿಟಕಿಗೆ ಹೋಗಿ ನಿಂತೆ. ಬಸಿಯ ಚಿಕ್ಕ ಗಿಡದಲ್ಲಿ ಎಲೆ ಎಣಿಸಿದೆ: ಏಳು. ಆ ಭಾನುವಾರದ ಆರು ಹೆಜ್ಜೆಯನ್ನು ಮನಸ್ಸಿನಲ್ಲಿ ಮತ್ತೆ ನಡೆಸಿದೆ. ಅಪ್ಪ ಮತ್ತೆ ಬಂದ. ಆಮೇಲೆ ಹೋಗಿ ಕಡತ ತೆಗೆದೆ.

ಸಂಜೆ ಮನೆಗೆ ಹೋದಾಗ ಅಪ್ಪ ಹೇಳಿದ: "ಅರ್ಧ ರಿಂಗ್ ಬಂತು. ನಾ ಏಳಲಿಲ್ಲ."

ಸೀರೆ ಮೂರು ಗೇಣು ಮುಂದೆ ಹೋಗಿತ್ತು ಆ ದಿನ. ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

ಹಳೆಯ ಎಲೆ ದಿನದಿಂದ ದಿನಕ್ಕೆ ಬತ್ತಿ ಕಾಗದದಂತಾಯಿತು. ತನ್ನೊಳಗಿದ್ದ ನೀರನ್ನೆಲ್ಲ ಅದು ಆ ಗುಂಡಿಗೆ ಕೊಟ್ಟುಬಿಟ್ಟಿತ್ತು. ಬೇರು ಗರಸಿನೊಳಗೆ ಇಳಿದ ಮೇಲೆ ನಾನು ನೀರು ಕೊಟ್ಟೆ, ಪೆನ್ನಿನ ಮುಚ್ಚಳದಲ್ಲಿ ಅಳೆದು, ವಾರಕ್ಕೊಂದು ಸಲ. ಚಿಕ್ಕ ಎಲೆಗಳ ಮೇಲೆ ಬಿಳಿ ಪುಡಿ ಕಂಡಾಗ ಬಸ್ಸಿನ ಅಜ್ಜನಿಗೆ ಹೇಳಬೇಕೆನ್ನಿಸಿತು. ಹುನಗುಂದದಲ್ಲಿ ಕಂಬಳಿ ಹೊದ್ದವರು ಹತ್ತಿದರೆ ಈಗಲೂ ಕತ್ತೆತ್ತಿ ನೋಡುತ್ತೇನೆ.

ಕುಬಸಕ್ಕೆ ಮೂರು ದಿನವಿರುವಾಗ ಶನಿವಾರ. ಆಫೀಸಿಗೆ ರಜೆ ಇತ್ತು, ಆದರೂ ಬಾಕಿ ಕೆಲಸಕ್ಕೆಂದು ಹೋಗಿ ಮಧ್ಯಾಹ್ನಕ್ಕೇ ಮರಳಿದೆ. ಬಸಿಯನ್ನೂ ತಂದೆ. ಓಣಿಯ ತಿರುವಿನಿಂದಲೇ ಮಗ್ಗದ ಸದ್ದು ಕೇಳುತ್ತಿತ್ತು. ಒಂದೇ ಲಯ, ಎಲ್ಲೂ ಕಡಿಯದೆ. ಹೊಸ್ತಿಲಲ್ಲಿ ನಿಂತೆ. ಅಪ್ಪನ ಬೆನ್ನು ನನ್ನ ಕಡೆಗಿತ್ತು. ಚಪ್ಪಲಿ ಬಿಡುವ ಸದ್ದೂ ಆಗದ ಹಾಗೆ ನಿಂತೆ. ಎಷ್ಟು ಹೊತ್ತೋ. ಅವನನ್ನು ಕರೆಯದೆ, ಅವನು ಕುಣಿಯೊಳಗೆ ಇರುವುದನ್ನು ನೋಡುತ್ತ ನಿಂತದ್ದು ಅದೇ ಮೊದಲು.

ಸದ್ದು ಒಮ್ಮೆಲೆ ನಿಂತಿತು.

"ಯಾರ ಅದು? ನೀನಾ?" ಅಪ್ಪ ತಿರುಗಲಿಲ್ಲ. "ಬಾ ಇಲ್ಲೆ. ಮುಗೀತು. ಕೊಯ್ಯಾಕ ಒಂದ ಕೈ ಬೇಕ. ನಿಮ್ಮವ್ವ ಎಲ್ಲಿ ಹೋಗ್ಯಾಳೊ."

ಹೆಜ್ಜೆ ಎಣಿಸಿದೆ. ಹೊಸ್ತಿಲಿನಿಂದ ಐದು. ಬಸಿಯನ್ನು ನೆಲದ ಮೇಲಿಟ್ಟು, ಅಂಚಿಗೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟೆ. ಒಳಗೆ ತಂಪಾಗಿತ್ತು. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಹೀಗೆಯೇ ಅವನ ಪಕ್ಕ ಕಾಲಿಟ್ಟು ಕೂರುತ್ತಿದ್ದದ್ದು ನೆನಪಾಯಿತು. ಗೋಡೆ ಬಿದ್ದ ಮೇಲೆ ಅದನ್ನು ಒಂದು ಸಲವೂ ನೆನೆದಿರ­ಲಿಲ್ಲ. ನಾನು ಸೀರೆಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅಪ್ಪ ಕೊಯ್ದ. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಒಡಲಿನ ನಡುವೆ, ತಿಳಿದವರಿಗೆ ಮಾತ್ರ ಕಾಣುವಂತೆ, ಒಂದು ಗೇಣಿನಷ್ಟು ಜಾಗದಲ್ಲಿ ಕೂಡಿಸಿದ ಎಳೆಗಳ ಗಂಟುಗಳು ಒತ್ತೊತ್ತಾಗಿದ್ದವು. ಅಪ್ಪ ಅದರ ಮೇಲೆ ಬೆರಳಾಡಿಸಿ ಬಿಟ್ಟ.

"ಎತ್ತ ನನ್ನ. ಮೊಣಕಾಲ ಹಿಡದಾವು."

ಎತ್ತುತ್ತಿರುವಾಗಲೇ ಅವ್ವ ಒಳಗೆ ಬಂದಳು. ಸೀರೆಯನ್ನು ಕಣ್ಣಿಗೆ ಒತ್ತಿಕೊಂಡಳು. ನೆಲದ ಮೇಲಿದ್ದ ಬಸಿಯ ಕಡೆ ನೋಡಿದಳು. ಸೀದಾ ಅಡುಗೆಮನೆಗೆ ಹೋಗಿ, ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ ಹಿಡಿದು ಬಂದಳು.

ನಾನು ಬಸಿಯನ್ನು ಎತ್ತಿ ಎದೆಗೊತ್ತಿಕೊಂಡೆ.

"ಕುಂಕುಮ ಬಸಿಗೆ ಹಚ್ಚು, ಎಲಿಗೆ ಬ್ಯಾಡ," ಅಪ್ಪ ಕುಣಿಯ ಅಂಚಿನಲ್ಲಿ ಕೂತು ಕೈ ಚಾಚಿದ. "ಆ ತಂಬಗಿ ಇತ್ತ ತಾ. ನೀರಡಿಕಿ ನನಗ ಆಗೇತಿ."